ಎರಡನೆಯ ಸಹಿ

೧೯೪೬ನೇ ಇಸವಿ ಆಗಸ್ಟ್ ೨೨, ಗುರುವಾರ. ಮಧ್ಯಾಹ್ನ ಎರಡೂಕಾಲಕ್ಕೆ ಸೂಳಗಿರಿಯ ರೈತ ನಾರಾಯಣಪ್ಪ ಹೊಸೂರು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ. ಟವೆಲಿನಲ್ಲಿ ಸುತ್ತಿ ತಂದಿದ್ದ ಔಷಧದ ಸೀಸೆಯನ್ನು ಇನ್‌ಸ್ಪೆಕ್ಟರ್ ರಾಮಕೃಷ್ಣಪ್ಪನವರ ಮೇಜಿನ ಮೇಲಿಟ್ಟ. ಆದರೆ ಹಿಡಿದ ಕೈಯನ್ನು ತೆಗೆಯಲಿಲ್ಲ.

"ಏನಾಯಿತು?"

"ನನ್ನೆಂಡ್ರು ಅಂಜಮ್ಮ ಓಗ್ಬುಟ್ಲು ಸಾಮಿ. ಈವತ್ತು ಕೋಳಿ ಕೂಗೋ ವೊತ್ಗೆ."

"ಕಾಯಿಲೆ ಇತ್ತೇನು?"

"ಜರ ಬಂದು ವಾಸಿಯಾಗಿತ್ತು. ಅಸಿವಿಲ್ಲ ಅಂತ ನೆನ್ನೆ ಬೆಳಗ್ಗೆ ಇಲ್ಲಿ ಧರ್ಮಾಸ್ಪತ್ರೆಗೆ ಕರ್ಕೊಂಡು ಬಂದೆ. ಇದು ಕೊಟ್ರು. ಮೂರು ಕಿತ ಕುಡಿದ್ಲು. ಬಾಯಿ ಒಣಗ್ತದೆ ಅಂದ್ಲು, ಕಣ್ಣು ಮಂಜು ಅಂದ್ಲು. ಆಮೇಕೆ ನನ್ನ ಗುರ್ತೇ ಸಿಗ್ನಿಲ್ಲ ಅವ್ಳಿಗೆ. ಯಾರೋ ನೀನು, ಆಚೆ ಓಗು ಅಂದ್ಲು."

ರಾಮಕೃಷ್ಣಪ್ಪ ಕೇಳಿದರು. "ಸೀಸೆ ಯಾರ ಕೈಗಾದರೂ ಕೊಟ್ಟಿದ್ದೆಯಾ?"

"ಇಲ್ಲ. ಒಬ್ರು ಬಂದು ಕೇಳಿದ್ರು. ಬೆಳಗ್ಗೆ ಏಳರಾಗೆ ಬಾಗ್ಲಾಗೆ ನಿಂತವ್ರೆ, ತಲೆ ಮ್ಯಾಲೆ ವಸ್ತ್ರ. ಎಣ ನೋಡಿದ್ರು, ಸೀಸೆ ಕೊಡಪ್ಪ ಅಂದ್ರು. ಕೊಡ್ನಿಲ್ಲ. ಹಂಗೇ ಒಂಟೋದ್ರು."

ಎರಡೂ ಮುಕ್ಕಾಲಕ್ಕೆ ಎಫ್‌ಐಆರ್ ದಾಖಲಾಯಿತು. ನಿರ್ಲಕ್ಷ್ಯದಿಂದ ಆದ ಸಾವು, ಐ.ಪಿ.ಸಿ. ೩೦೪-ಎ. ಸೀಸೆಗೆ ಅರಗಿನ ಮೊಹರು ಹಾಕಿ, ಮದ್ರಾಸಿನ ರಾಸಾಯನಿಕ ಪರೀಕ್ಷಕರಿಗೆ ಕಳಿಸಲು ಬರೆದರು. ಹೆಡ್ ಕಾನ್‌ಸ್ಟೇಬಲ್ ಚಿಕ್ಕಮುನಿಯಪ್ಪ ಶವದ ಪಂಚನಾಮೆಗೆ ನಾರಾಯಣಪ್ಪನೊಂದಿಗೆ ಸೂಳಗಿರಿಗೆ ಹೊರಟ.

ನಾಲ್ಕು ಗಂಟೆಗೆ ಇನ್‌ಸ್ಪೆಕ್ಟರು ಕಾನ್‌ಸ್ಟೇಬಲ್ ಮುತ್ತರಾಯಪ್ಪನನ್ನು ಕರೆದುಕೊಂಡು ಧರ್ಮಾಸ್ಪತ್ರೆಗೆ ಹೋದರು. ಅಲ್ಲಿನ ಔಷಧ ವಿಭಾಗಕ್ಕೆ ಮುಖ್ಯಸ್ಥೆ ಅಲಮೇಲು. ಇಪ್ಪತ್ತೇಳು ವರ್ಷ. ಮದ್ರಾಸಿನಲ್ಲಿ ಡಿಪ್ಲೊಮಾ ಮುಗಿಸಿ ಬಂದು ಎಂಟು ತಿಂಗಳಾಗಿತ್ತು. ಔಷಧ ಕೊಟ್ಟ ಪುಸ್ತಕವನ್ನು ಆಕೆಯೇ ತಂದು ತೆರೆದಿಟ್ಟರು. ಅಂಜಮ್ಮ, ಸೂಳಗಿರಿ, ಹಸಿವಿಗೆ ಜೆನ್ಷಿಯನ್. ಮುಂದೆ ಎರಡು ಸಹಿ.

"ಎರಡೂ ನಿಮ್ಮದೇ."

"ಹೌದು. ಒಬ್ಬರು ಬೆರೆಸಬೇಕು, ಇನ್ನೊಬ್ಬರು ನೋಡಿ ಸಹಿ ಮಾಡಬೇಕು. ಆ ನಿಯಮ ತಂದವಳೂ ನಾನೇ."

"ನೆನ್ನೆ ನೋಡಿದವರು ಯಾರು?"

"ಯಾರೂ ನೋಡಲಿಲ್ಲ. ನೋಡುವವರು ಕಾಂಪೌಂಡರ್ ಲಕ್ಷ್ಮೀಪತಿಗಳು. ಕೃಷ್ಣಗಿರಿಯಲ್ಲಿ ಔಷಧಗಳ ಪೆಟ್ಟಿಗೆ ಬಂದಿತ್ತು, ಅವರನ್ನ ಕಳಿಸಿದೆ. ಹೊರಗಡೆ ಐವತ್ತು ಜನ ಕಾಯ್ತಿದ್ದರು. ಎರಡನೇ ಸಹಿಯನ್ನೂ ನಾನೇ ಹಾಕಿದೆ."

ಆಕೆ ಅಳಲಿಲ್ಲ. ತೆರೆದ ಪುಸ್ತಕದ ಮೇಲೆ ಅಂಗೈಯಿಟ್ಟು ನಿಂತಿದ್ದರು.

ಇನ್‌ಸ್ಪೆಕ್ಟರು ಔಷಧದ ಬೀರು ತೆಗೆಸಿದರು. ಜೆನ್ಷಿಯನ್ ಎಂಬುದು ಹಸಿವಿಗೆ ಕೊಡುವ ಕಹಿ ದ್ರಾವಣ. ಕೆಳಗಿನ ಅರೆಯಲ್ಲಿ ಬೆಲಡೋನ, ಹೊಟ್ಟೆನೋವಿಗೆ ಕೆಲವೇ ಹನಿ ಕೊಡುವ ವಿಷ. ಎರಡೂ ಕಂದು ಬಣ್ಣ, ಎರಡೂ ಒಂದೇ ಗಾತ್ರದ ಸೀಸೆ. ಆಸ್ಪತ್ರೆಯ ಡಾಕ್ಟರು ಬಂದು ಮೂಸಿ ನೋಡಿದರು. ಮತ್ತೆ ಮೂಸಿದರು. ಜೆನ್ಷಿಯನ್ ಎಂದು ಬರೆದ ಸೀಸೆಯಲ್ಲಿ ಇರುವುದು ಬೆಲಡೋನ ಎಂದರು. ಆ ಸೀಸೆಯಿಂದ ಬೇರೆ ಯಾರಿಗೂ ಔಷಧ ಹೋಗಿಲ್ಲವೆಂದು ಪುಸ್ತಕ ಹೇಳಿತು.

ಪಂಚರ ಮುಂದೆ ಪಂಚನಾಮೆ ಬರೆಯುತ್ತಿದ್ದ ಮುತ್ತರಾಯಪ್ಪ ಪೆನ್ಸಿಲ್ ನಿಲ್ಲಿಸಿದ.

"ಸಾರ್, ಇರುವೆ."

ಬೀರುವಿನಲ್ಲಿ ನಲವತ್ತಕ್ಕೂ ಹೆಚ್ಚು ಸೀಸೆಗಳಿದ್ದವು. ಇರುವೆ ಮುತ್ತಿದ್ದು ಎರಡಕ್ಕೆ ಮಾತ್ರ, ಅದೂ ಲೇಬಲಿನ ಅಂಚಿಗೆ. ರಾಮಕೃಷ್ಣಪ್ಪ ಉಗುರಿನಿಂದ ಕೆರೆದು ನೋಡಿದರು. ಮಿಕ್ಕ ಲೇಬಲುಗಳಿಗೆ ಹಚ್ಚಿದ್ದು ಗೋಂದು. ಇವೆರಡಕ್ಕೆ ಹಿಟ್ಟಿನ ಅಂಟು.

"ಲೇಬಲು ಹಳೆಯದು, ಅಂಟು ಹೊಸದು," ಎಂದರು. "ಬೀರುವಿನ ಬೀಗದ ಕೈ ಯಾರ ಹತ್ತಿರ ಇರುತ್ತೆ?"

"ನನ್ನ ಹತ್ತಿರ. ಸಂಜೆ ಮಾತ್ರ ಲಕ್ಷ್ಮೀಪತಿಗಳು ಬೀರು ಒರೆಸಿ, ಬೀಗ ಹಾಕಿ, ಕೈ ತಂದುಕೊಡ್ತಾರೆ."

"ಈಗೆಲ್ಲಿ ಅವರು?"

"ಮಧ್ಯಾಹ್ನದಿಂದ ಜ್ವರ ಅಂತ ಹಿಂದಿನ ಕೋಣೆಯಲ್ಲಿ ಮಲಗಿದ್ದಾರೆ. ಪೆಟ್ಟಿಗೆಯನ್ನ ನೆನ್ನೆಯೇ ಸರಿಯಾಗಿ ತಂದರು. ಒಂದು ಸೀಸೆಯೂ ಒಡೆದಿಲ್ಲ."

ವರಾಂಡದಲ್ಲಿ ಕಸ ಗುಡಿಸುವ ಪಾಪಮ್ಮನನ್ನು ಕರೆಸಿದರು.

"ನೆನ್ನೆ ಲಕ್ಷ್ಮೀಪತಿ ಎಷ್ಟು ಹೊತ್ತಿಗೆ ಬಂದರು?"

"ದೀಪ ಹಚ್ಚೋ ವೊತ್ನಾಗೆ ಸಾಮಿ. ಅಮ್ಮೋರು ಮನೆಗೆ ಓಗಿದ್ರು. ಪೆಟ್ಗೆ ಇಳಿಸಿದ್ದೇ ಆ ಬುಕ್ ತಕ್ಕಂಡು ಬೆರಳಿಟ್ಕೊಂಡು ನೋಡಿದ್ರು. ಈವತ್ತು ಹಸಿವಿನ ಔಸ್ದಿ ಯಾರಿಗಾದ್ರೂ ಓಯ್ತಾ ಅಂದ್ರು. ನಂಗೇನು ಗೊತ್ತು ಸಾಮಿ ಅಂದೆ. ಬೆರಳು ಒಂದ್ಕಡೆ ನಿಂತೋಯ್ತು, ಅಲ್ಲೇ ಕುಂತ್ಬುಟ್ರು. ಆಮೇಲೆ ರೋಡ್ಗೆ ನಡ್ಕಂಡು ಓದ್ರು, ಊಟಾನೂ ಇಲ್ದೆ."

ಅಂಜಮ್ಮ ಸತ್ತದ್ದು ಮರುದಿನ ಬೆಳಗಿನ ಜಾವ. ಹಿಂದಿನ ಸಂಜೆಯೇ ಆ ಪ್ರಶ್ನೆ ಕೇಳಬಲ್ಲವನು ಒಬ್ಬನೇ, ಲೇಬಲು ಬದಲಿಸಿದವನು.

ಐದೂವರೆಗೆ ಇನ್‌ಸ್ಪೆಕ್ಟರು ಹಿಂದಿನ ಕೋಣೆಯ ಬಾಗಿಲು ತಟ್ಟಿದರು. ಲಕ್ಷ್ಮೀಪತಿ ಎದ್ದು ಬಂದರು. ಐವತ್ತೊಂದು ವರ್ಷ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಒಂದು ಮಂಚ, ಒಂದು ಸ್ಟೌ, ಒಂದು ತಟ್ಟೆ. ಕಿಟಕಿಯಲ್ಲಿ ಹಿಟ್ಟಿನ ಅಂಟು ಒಣಗಿದ ಬಟ್ಟಲು. ಅವರ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಒಡೆದಿತ್ತು.

"ಸೂಳಗಿರಿಗೆ ನಡೆದುಹೋಗಿದ್ದಿರಾ?"

"ಸಂಜೆ ಬಸ್ಸಿರಲಿಲ್ಲ."

"ಕೃಷ್ಣಗಿರಿಯಿಂದ ಬರುವಾಗ ಅದೇ ಊರಿನ ಮೇಲೆ ಬಂದಿರಿ."

"ಬಸ್ಸು ಅಲ್ಲಿ ಹತ್ತು ನಿಮಿಷ ನಿಂತಿತ್ತು. ಇಳಿದು ನೀರು ಕುಡಿದೆ. ನನಗೇನು ಗೊತ್ತು ಔಷಧ ಹೋದದ್ದು ಆ ಊರಿನವಳಿಗೇ ಅಂತ."

"ಡಾಕ್ಟರಿಗೆ ಕಾರಿದೆ. ಸಂಜೆಯೇ ಹೇಳಿದ್ದರೆ ಮುಕ್ಕಾಲು ಗಂಟೆಯ ದಾರಿ."

ಲಕ್ಷ್ಮೀಪತಿ ನೆಲ ನೋಡಿದರು. "ಹೇಳಿದ್ದರೆ, ನಿಮಗೆ ಹೇಗೆ ಗೊತ್ತು ಅಂತ ಕೇಳ್ತಿದ್ದರು."

ಮುತ್ತರಾಯಪ್ಪ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದ. ಇನ್‌ಸ್ಪೆಕ್ಟರು ಬರೆ ಎಂದು ಕೈ ತೋರಿಸಿದರು.

ಹೇಳಿಕೆ ಏಳು ಗಂಟೆಯವರೆಗೆ ನಡೆಯಿತು. ಲಕ್ಷ್ಮೀಪತಿ ಇಪ್ಪತ್ತನಾಲ್ಕು ವರ್ಷದಿಂದ ಅಲ್ಲಿ ಕಾಂಪೌಂಡರ್. ಹಿಂದಿನ ಮುಖ್ಯಸ್ಥರು ಯುದ್ಧಕ್ಕೆ ಹೋದ ಮೇಲೆ ನಾಲ್ಕು ವರ್ಷ ವಿಭಾಗವನ್ನು ನಡೆಸಿದ್ದು ಇವರೇ. ಅಂಚೆಟ್ಟಿ ಕಾಡಿನ ಹಳ್ಳಿಗಳಿಂದ ನಡೆದು ಬರುವವರೂ ಇವರ ಹೆಸರು ಹಿಡಿದು ಕೇಳುತ್ತಿದ್ದರು. ಮುಚ್ಚಳ ತೆಗೆದರೆ ಸಾಕು, ಮೂಗಿನಲ್ಲೇ ಔಷಧ ಯಾವುದೆಂದು ಹೇಳಿಬಿಡುವರು. ಆಸ್ಪತ್ರೆಯ ಸಮಿತಿ ಆ ಸ್ಥಾನಕ್ಕೆ ಓದಿದವರು ಬೇಕೆಂದಿತು. ಅಲಮೇಲು ಬಂದರು, ನಿಯಮ ಬಂತು, ಪುಸ್ತಕ ಬಂತು. ಯಾರೂ ಇವರನ್ನು ಅವಮಾನಿಸಲಿಲ್ಲ. ಯಾರೂ ಏನನ್ನೂ ಕೇಳಲೂ ಇಲ್ಲ. ಬೆಳಗ್ಗೆಯಿಂದ ಸಂಜೆಯವರೆಗೆ ಸಹಿ ಹಾಕುವುದು, ಆಮೇಲೆ ಈ ಕೋಣೆ. ಹೆಂಡತಿ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.

"ಅವಳನ್ನ ಕೊಲ್ಲಬೇಕಂತಿರಲಿಲ್ಲ," ಎಂದರು. "ಯಾರನ್ನೂ ಅಲ್ಲ. ಮಂಗಳವಾರ ಸಂಜೆ ಬೀರು ಒರೆಸುವಾಗ ಆ ಎರಡು ಲೇಬಲು ಅದಲುಬದಲು ಮಾಡಿದೆ. ಮರುದಿನ ಕೌಂಟರಿನಲ್ಲಿ ನಾನಿರ್ತಿದ್ದೆ. ಮೊದಲನೇ ಸೀಸೆ ಕೈಗೆ ಬರ್ತಿದ್ದಂಗೆ ಮೂಸಿ, ಇದು ತಪ್ಪು ಅಂತ ಡಾಕ್ಟರ ಮುಂದೆ ಹೇಳ್ತಿದ್ದೆ. ಅಷ್ಟೇ. ಒಂದು ಸಲ ಅವರೆಲ್ಲ ನನ್ನ ಕಡೆ ನೋಡಲಿ ಅಂತ."

"ಬುಧವಾರ ಬೆಳಗ್ಗೆ ಕೃಷ್ಣಗಿರಿಗೆ ಹೊರಟಾಗ ಯಾಕೆ ಹೇಳಲಿಲ್ಲ?"

ಲಕ್ಷ್ಮೀಪತಿ ಅಂಗಿಯ ತೋಳು ನೇರ ಮಾಡಿಕೊಂಡರು.

"ಬಾಯಿ ತೆಗೆದೆ. ಅಷ್ಟರಲ್ಲಿ ಆಯಮ್ಮ ಎಲ್ಲರ ಮುಂದೆ ಹೇಳಿದರು, ಈ ಪೆಟ್ಟಿಗೆ ನೋಡಿ ತರೋದು ನಿಮ್ಮನ್ನ ಬಿಟ್ಟು ಯಾರ ಕೈಲೂ ಆಗಲ್ಲ ಅಂತ. ಎಂಟು ತಿಂಗಳಲ್ಲಿ ಅದೇ ಮೊದಲು. ಆ ಮಾತು ಕೇಳಿದ ಮೇಲೆ ನಾನು ಹೀಗೆ ಮಾಡಿದೀನಿ ಅಂತ ಹೇಗೆ ಹೇಳಲಿ. ಇವತ್ತು ಜೆನ್ಷಿಯನ್ ಯಾರಿಗೂ ಬರೀದೆ ಇರಲಿ ಅಂದ್ಕೊಂಡು ಬಸ್ ಹತ್ತಿದೆ."

ಏಳೂ ಹತ್ತಕ್ಕೆ ದಸ್ತಗಿರಿಯಾಯಿತು. ಬೆಳಗ್ಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದೆಂದು ಕೇಸ್ ಡೈರಿಯಲ್ಲಿ ಬರೆದರು. ಬಟ್ಟಲು, ಕುಂಚ, ಎರಡು ಸೀಸೆ ಜಪ್ತಿಯ ಪಟ್ಟಿಗೆ ಸೇರಿದವು. ವರಾಂಡದಲ್ಲಿ ಅಲಮೇಲು ನಿಂತಿದ್ದರು. ಲಕ್ಷ್ಮೀಪತಿ ಆಕೆಯ ಮುಂದೆಯೇ ಹಾದುಹೋದರು.

ಠಾಣೆಯಲ್ಲಿ ರಾಮಕೃಷ್ಣಪ್ಪ ಕೊನೆಯದಾಗಿ ಕೇಳಿದರು. "ನಿಮ್ಮನ್ನು ದಸ್ತಗಿರಿ ಮಾಡಿದ್ದೇವೆ ಅಂತ ಯಾರಿಗೆ ತಿಳಿಸಬೇಕು?"

ತಂಗಿಯೊಬ್ಬಳು ಗುಮ್ಮಳಾಪುರದಲ್ಲಿದ್ದಳು, ಈಗ ಎಲ್ಲಿದ್ದಾಳೋ ತಿಳಿಯದು ಎಂದರು ಲಕ್ಷ್ಮೀಪತಿ.

"ಆಸ್ಪತ್ರೆಗೇ ಹೇಳಿಬಿಡಿ," ಎಂದರು ಕಡೆಗೆ. "ನಾಳೆ ಬೆಳಗ್ಗೆ ಕೌಂಟರಿಗೆ ಇನ್ನೊಬ್ಬರು ಬೇಕಲ್ಲ."