ಮೂರನೇ ಕಿಟಕಿಯಲ್ಲಿ ನಿಲ್ಲುವ ಲಾರಿ

"ಕಾಗದ ಇಲ್ದೆ ನನ್ನ ಲಾರಿ ಹೊರಡಲ್ಲ ಮೇಡಂ!"

ಬಿಳಿ, ಗುಲಾಬಿ, ಹಳದಿ... ಸರಕು ಚೀಟಿಯ ಮೂರೂ ಪ್ರತಿಗಳು ಮೂರನೇ ಕಿಟಕಿಯ ಕಟ್ಟೆಯ ಮೇಲೆ ಬಂದು ಬಿದ್ದವು. ಕಿಟಕಿಯ ಒಳಗೆ ಕುಳಿತಿದ್ದ ಅವಳು ತಲೆಯೆತ್ತಿದಳು. ಎದುರಿಗೆ ಹದಿನೇಳನೇ ನಂಬರ್ ಲಾರಿಯ ಡ್ರೈವರ್. ಯಾರ್ಡಿನಲ್ಲಿ ಎಲ್ಲರೂ ಅವನನ್ನು 'ಹದಿನೇಳು' ಎಂದೇ ಕರೆಯುತ್ತಿದ್ದರು.

"ಎರಡು ಪೆಟ್ಟಿಗೆ ಒದ್ದೆಯಾಗಿದೆ ಅಂತ ಕಾಗದದ ಮೇಲಾದ್ರೆ ಬರೀಬಹುದು. ನಿಮ್ಮ ಫೋನಲ್ಲಿ ಎಲ್ಲಿ ಬರೀಲಿ?"

ಅವಳು ಚೀಟಿಗೆ ಮುದ್ರೆ ಒತ್ತಿ ಕೊಟ್ಟಳು. ಈ ಸಾಗಣೆ ಕಚೇರಿಗೆ ಸೇರಿ ಎರಡೇ ದಿನವಾಗಿತ್ತು. ಚೀಟಿಗಳನ್ನೆಲ್ಲ ಫೋನಿಗೆ ತರುವುದೇ ಅವಳ ಕೆಲಸ. ಒಂದು ತಿಂಗಳ ಗಡುವು. ನಲವತ್ತು ಲಾರಿಗಳಲ್ಲಿ ಒಂದು ಕಾಗದದಲ್ಲಿ ಉಳಿದರೂ ಹಳೇ ಪದ್ಧತಿಯೇ ಗಟ್ಟಿ, ಅವಳ ಕೆಲಸಕ್ಕೆ ಎಳ್ಳುನೀರು!

'ಇವನನ್ನು ಫೋನಿಗೆ ತರದಿದ್ದರೆ ನನ್ನ ಹೆಸರು ಬದಲಾಯಿಸಿಕೊಳ್ಳುತ್ತೇನೆ!' ಎಂದುಕೊಂಡಳು.

ಮರುದಿನವೇ ಫೋನಿನ ಚೀಟಿಯಲ್ಲಿ 'ಷರಾ' ಬರೆಯಲು ಜಾಗ ಮಾಡಿಸಿದಳು. ಅವನು ಬಿಸಿಲಿಗೆ ಅಕ್ಷರ ಕಾಣಲ್ಲ ಎಂದ. ಅಕ್ಷರ ದಪ್ಪ ಮಾಡಿಸಿದಳು. ದಾರಿಯಲ್ಲಿ ನೆಟ್‌ವರ್ಕ್ ಸಿಗಲ್ಲ ಎಂದ. ಅದಿಲ್ಲದೆಯೂ ತೆರೆಯುವಂತೆ ಮಾಡಿಸಿದಳು. ಆದರೂ ಅವನು ದಿನವೂ ಅದೇ ಮೂರು ಪ್ರತಿ ಹಿಡಿದು ಬಂದು, ಅವಳು ಮುದ್ರೆ ಒತ್ತುವವರೆಗೂ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ.

"ಉಳಿದ ಮೂವತ್ತೊಂಬತ್ತು ಜನರ ಸುದ್ದೀನೇ ಇಲ್ಲ, ದಿನಾ ಅವನದೇ ದೂರು ಹೇಳ್ತೀಯಲ್ಲೇ!" ಮನೆಯಲ್ಲಿ ಅಕ್ಕ ನಗುತ್ತಿದ್ದಳು.

"ಥೂ, ಸುಮ್ನಿರೇ ಅಕ್ಕ!"

ಗಡುವಿಗೆ ಒಂದೇ ದಿನ ಉಳಿದಿತ್ತು. ಮೂವತ್ತೊಂಬತ್ತು ಲಾರಿ ಫೋನಿಗೆ ಬಂದಿದ್ದವು. ಎಲ್ಲರಿಗಿಂತ ಹಿರಿಯ ಡ್ರೈವರ್ ತಾತ ಕೂಡ ಟಕಟಕ ಒತ್ತುತ್ತಿದ್ದ.

"ತಾತ, ಇಷ್ಟು ಚೆನ್ನಾಗಿ ಯಾರು ಕಲಿಸಿದ್ರು?"

"ಇನ್ಯಾರು? ನಮ್ ಹದಿನೇಳು! ಅರ್ಧ ಯಾರ್ಡಿಗೆ ಅವನೇ ಮೇಷ್ಟ್ರು ಕಣಮ್ಮ."

ಅವಳ ಮೈಯೆಲ್ಲ ಉರಿದುಹೋಯಿತು. ನೇರ ಅವನ ಲಾರಿಯ ಬಳಿ ಹೋದಳು.

"ಎಲ್ಲಾ ಗೊತ್ತಿದ್ದೂ ನಾಟಕ ಆಡಿದ್ರಾ? ನನ್ನ ಕೆಲಸ ಹೋಗ್ಲಿ ಅಂತ ಕಾಯ್ತಿದ್ರಾ?"

ಅವನ ಮುಖ ಬಿಳಿಚಿಕೊಂಡಿತು. "ನಿಮ್ಮ ಕೆಲಸಾನಾ? ದೇವರಾಣೆ ನಂಗೆ ಗೊತ್ತಿರಲಿಲ್ಲ..."

"ಮತ್ಯಾಕೆ?!"

"ಮೊದಲನೇ ದಿನ ಕೇಳಿದ್ದು ನಿಜವಾದ ತೊಂದರೆ. ಆಮೇಲಿಂದೆಲ್ಲ..." ಅವನು ತಲೆ ತಗ್ಗಿಸಿದ. "ಫೋನಿಗೆ ಬಂದ್ರೆ ಗೇಟು ತಾನಾಗೇ ತೆರೆಯುತ್ತೆ ಮೇಡಂ. ನಿಮ್ಮ ಕಿಟಕಿ ಹತ್ರ ನಿಲ್ಲೋಕೆ ನಂಗೆ ಕಾರಣಾನೇ ಇರಲ್ಲ."

ಅವನು ಅವಳೆದುರೇ ಫೋನಿನಲ್ಲಿ ಸಹಿ ಮಾಡಿ, ಇಷ್ಟು ದಿನ ತನ್ನ ಬಳಿ ಉಳಿದಿದ್ದ ಹಳದಿ ಪ್ರತಿಗಳ ಕಟ್ಟನ್ನು ಅವಳ ಕೈಗಿಟ್ಟು ಹೊರಟುಹೋದ.

ಶನಿವಾರ ಬೆಳಿಗ್ಗೆ ಹದಿನೇಳನೇ ಲಾರಿ ನಿಲ್ಲದೆ ಗೇಟು ದಾಟಿತು. ಕಂಪ್ಯೂಟರ್ ಪರದೆಯ ಮೇಲೆ ನಲವತ್ತಕ್ಕೆ ನಲವತ್ತು! ಮ್ಯಾನೇಜರ್ ಬಂದು, "ಇನ್ನು ನಿಮ್ಮ ಕೆಲಸ ಕಾಯಂ," ಎಂದರು.

'ಗೆದ್ದೆನಲ್ಲ... ಮತ್ತೆ ಈ ಅಳು ಯಾಕೆ?'

ಮಧ್ಯಾಹ್ನದವರೆಗೆ ತಡೆದಳು. ಅವನ ಲಾರಿ ಹಿಂತಿರುಗುತ್ತಿರುವುದು ಪರದೆಯ ಮೇಲೆ ಕಂಡಿತು. ಕಿಟಕಿ ಮುಚ್ಚಿ ಗೇಟಿಗೆ ನಡೆದಳು.

ಗೇಟು ತಾನಾಗಿಯೇ ತೆರೆಯಿತು. ಅವಳು ನಟ್ಟನಡುವೆ ನಿಂತು ಕೈ ಅಡ್ಡ ಹಿಡಿದಳು. ಲಾರಿ ಕೀರೆಂದು ನಿಂತಿತು.

"ಎಲ್ಲಾ ಸರಿಯಾಗಿದೆಯಲ್ಲ ಮೇಡಂ... ಯಾಕೆ ನಿಲ್ಲಿಸಿದ್ರಿ?"

"ಕಾರಣ ಇಲ್ದೇ ನಿಲ್ಲೋಕಾಗಲ್ವಾ ನಿಮಗೆ?" ಅವಳ ಕೈ ಇಳಿಯಲಿಲ್ಲ. "ನಂಗೆ ನೀವು ಇಷ್ಟ. ದಿನಾ ನಿಲ್ಲಬೇಕು. ಅಷ್ಟೇ!"

ಹಿಂದಿನ ಲಾರಿಗಳು ಹಾರ್ನ್ ಹೊಡೆದವು. "ನಿಲ್ಲಲಿ ಬಿಡ್ರೋ!" ಎಂದು ತಾತ ಗದರಿದ.

ಅವನು ಇಂಜಿನ್ ಆರಿಸಿ ಕೆಳಗಿಳಿದ. ಕಣ್ಣುಗಳು ತುಂಬಿದ್ದವು.

"ನಾಳೆ ಭಾನುವಾರ. ಗೇಟು ಮುಚ್ಚಿರುತ್ತಲ್ಲ?"

"ಮನೆಗೆ ಬನ್ನಿ. ಅಕ್ಕ ನಿಮ್ಮನ್ನ ನೋಡ್ಬೇಕಂತೆ."

"ಯಾಕೆ ಬಂದೆ ಅಂತ ಕೇಳಿದ್ರೆ?"

"ಮತ್ತೆ ಕಾರಣಾನಾ?"

"ಇಲ್ಲ ಇಲ್ಲ," ಅವನು ನಕ್ಕ. "ಸುಮ್ನೆ ಬರ್ತೀನಿ."