ಮೂರು ಲೀಟರ್ ಎಲ್ಲಿ ಹೋಯಿತು?

ಟ್ಯಾಂಕಿಗೆ ಐದು ಲೀಟರ್ ಹಿಡಿಯಿತು. ಖಲೀಲ್ ಬಂಕಿನ ಮೀಟರನ್ನು ಮತ್ತೆ ಮತ್ತೆ ನೋಡಿದ. ಎರಡೇ ಲೀಟರ್ ಹಿಡಿಯಬೇಕಿತ್ತು.

ಖಲೀಲನದು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಗ್ಯಾರೇಜು. ಪೆಟ್ರೋಲ್, ಬ್ಯಾಟರಿ ಎರಡರಲ್ಲೂ ಓಡುವ ತನ್ನ ಹಳೇ ಹೈಬ್ರಿಡ್ ಕಾರಿಗೆ ಇನ್ನೊಂದು ದೊಡ್ಡ ಬ್ಯಾಟರಿ ಕೂರಿಸಿ, ಮನೆಯ ಪ್ಲಗ್ಗಿನಲ್ಲೇ ಚಾರ್ಜ್ ಆಗುವಂತೆ ಮಾಡಿದ್ದ. ಲೀಟರಿಗೆ ಇಪ್ಪತ್ತು ಕೊಡುತ್ತಿದ್ದ ಗಾಡಿ ಈಗ ಐವತ್ತು ಕೊಡುತ್ತದೆ ಎಂದಿದ್ದ. ಮಾತು ನಿಜವಾದರೆ ಹರಿಹರದ ಟ್ಯಾಕ್ಸಿಯವರೆಲ್ಲ ತಮ್ಮ ಹೈಬ್ರಿಡ್ ಗಾಡಿಗಳನ್ನು ಅವನಿಗೇ ಒಪ್ಪಿಸುವವರಿದ್ದರು. ಅದಕ್ಕೇ ಈ ಪರೀಕ್ಷೆ: ಟ್ಯಾಂಕ್ ತುಂಬಿಸಿ, ದಾವಣಗೆರೆ–ಹರಿಹರದ ನಡುವೆ ಹಲವು ಸಲ ಹೋಗಿ ಬಂದು ನೂರು ಕಿಲೋಮೀಟರ್ ಓಡಿಸಿ, ಮತ್ತೆ ತುಂಬಿಸಿ ಅಳೆಯುವುದು.

"ಹಗಲು ದರೋಡೆ ಮೇಡಂ ಇದು. ಕೇಸ್ ಹಾಕ್ರಿ," ಎಂದ ರವಿಚಂದ್ರ. ಹೊಸ ಕಾರುಗಳ ಏಜೆಂಟ್. ಖಲೀಲನ ಮೇಲೆ ನಂಬಿಕೆಯಿಲ್ಲವೆಂದು ಎರಡು ಸಲವೂ ತಾನೇ ನಿಂತು ಪೆಟ್ರೋಲ್ ತುಂಬಿಸಿದ್ದ.

ಸಬ್‌ಇನ್‌ಸ್ಪೆಕ್ಟರ್ ರುಕ್ಸಾನಾ ಬಂಕಿನ ಗಲಾಟೆ ಕೇಳಿ ಬಂದಿದ್ದಳು; ಕಾರಿನ ಸುತ್ತ ಒಂದು ಸುತ್ತು ಬಂದಳು.

* * *

"ಬ್ಯಾಟರಿ ಕೈಕೊಟ್ಟಂಗೈತೆ," ಎಂದರು ಟ್ಯಾಕ್ಸಿ ಸಂಘದ ಅಧ್ಯಕ್ಷ ಹಾಲೇಶಪ್ಪ.

ರುಕ್ಸಾನಾ ಚಾರ್ಜ್ ಎಷ್ಟಿದೆ ಎಂದು ನೋಡಿದಳು. ಬೆಳಿಗ್ಗೆ ಫುಲ್ ಚಾರ್ಜ್ ಆಗಿದ್ದ ಬ್ಯಾಟರಿ ಈಗ ಖಾಲಿ. ಅಂದರೆ ಅದು ದುಡಿದಿತ್ತು.

"ಹಂಗಾದ್ರೆ ಹರಿಹರದಾಗ ನಾವು ಚಾ ಕುಡಿಯೋವಾಗ ಯಾರೋ ಪೆಟ್ರೋಲ್ ಇಳಿಸ್ಯಾರೆ ಮೇಡಂ," ಎಂದ ಖಲೀಲ್.

ಆದರೆ ಹಾಲೇಶಪ್ಪ ಬೆಳಿಗ್ಗೆ ಟ್ಯಾಂಕಿನ ಮುಚ್ಚಳಕ್ಕೆ ಅಂಟಿಸಿದ್ದ ಸೀಲ್ ಬಂಕಿಗೆ ಬರುವ ತನಕ ಹರಿದಿರಲಿಲ್ಲ. ಬಗ್ಗಿ ನೋಡಿದರೆ ಅಡಿಯ ಪೈಪುಗಳ ಮೇಲೆ ಹಳೇ ಧೂಳು ಹಾಗೇ ಇತ್ತು. ಕದ್ದಿಲ್ಲ, ಸೋರಿಲ್ಲ, ಉರಿದೂ ಇಲ್ಲ. ಹಾಗಾದರೆ ಲೆಕ್ಕ ತಪ್ಪಿದ್ದು ತುಂಬಿಸುವಾಗಲೇ. ಕಳ್ಳನ ಬಾಲ ಕೈಗೆ ಸಿಕ್ಕಿತ್ತು.

"ರವಿಚಂದ್ರ ಅವ್ರೇ, ಈಗ ಹೆಂಗೆ ತುಂಬಿಸಿದ್ರಿ?"

"ಎಲ್ರೂ ಮಾಡೋ ಹಂಗೇ. ಪೈಪ್ ಟಕ್ ಅಂತ ತಾನಾಗೇ ನಿಂತ ಮೇಲೆ ಗಾಡಿ ಜೋರಾಗಿ ಅಲ್ಲಾಡಿಸಿ, ಗಾಳಿ ಹೊರಗೆ ಬಿಟ್ಟು, ಬಾಯಿ ತನಕ ತುಂಬಿಸ್ದೆ."

"ಬೆಳಿಗ್ಗೆ?"

"ಬೆಳಿಗ್ಗೇನೂ ಹಂಗೇ ಅಲ್ಲಾಡಿಸೀನ್ರಿ."

ಅದನ್ನು ನೋಡಿದವರು ಯಾರೂ ಇರಲಿಲ್ಲ. ಎಲ್ಲರೂ ಗಾಡಿಯ ಮುಂದೆ ಪೂಜೆಯಲ್ಲಿದ್ದರು. ಹಾಲೇಶಪ್ಪ ಆ ಪೂಜೆಯನ್ನು ಫೋನಿನಲ್ಲಿ ವಿಡಿಯೋ ಮಾಡಿದ್ದರು.

* * *

"ಎಲ್ರೂ ಬರ್ರಿ, ನೋಡ್ರಿ," ಎಂದು ರುಕ್ಸಾನಾ ಆ ವಿಡಿಯೋ ಹಚ್ಚಿದಳು.

ಪೆಟ್ರೋಲ್ ಹಾಕಲು ಶುರು ಮಾಡಿದಾಗಿನಿಂದ "ಆಯ್ತು, ಸೀಲ್ ಹಾಕ್ರಿ" ಎಂದು ರವಿಚಂದ್ರ ಕೂಗುವ ತನಕ ವಿಡಿಯೋದಲ್ಲಿತ್ತು. ಕಂಡದ್ದು ಕಾರಿನ ಮುಂಭಾಗ ಮಾತ್ರ. ಚಕ್ರದಡಿ ಇಡಲು ತಂದ ನಾಲ್ಕು ನಿಂಬೆಹಣ್ಣು ಬಾನೆಟ್ ಮೇಲೆ ಸಾಲಾಗಿದ್ದವು.

"ಜೋರಾಗಿ ಅಲ್ಲಾಡಿಸಿದ್ರೆ ಈ ಹಣ್ಣು ನಿಲ್ತಿದ್ವಾ? ಒಂದೂ ಮಿಸುಕಿಲ್ಲ. ಬೆಳಿಗ್ಗೆ ಪೈಪ್ ಟಕ್ ಅಂದ ಕೂಡ್ಲೇ ನಿಲ್ಲಿಸಿದ್ರಿ. ಈಗ ಬಾಯಿ ತನಕ ತುಂಬಿಸಿದ್ರಿ. ಆಗ ಖಾಲಿ ಬಿಟ್ಟಿದ್ದ ಮೂರು ಲೀಟರಿನ ಜಾಗ ಈಗ ತುಂಬ್ತು, ಅದನ್ನ ಗಾಡಿ ಕುಡೀತು ಅಂತ ತೋರಿಸಿದ್ರಿ."

ರವಿಚಂದ್ರ ತಲೆ ತಗ್ಗಿಸಿದ. "ಹಳೇ ಗಾಡಿನೇ ಐವತ್ತು ಕೊಟ್ರೆ ನನ್ನ ಹೊಸ ಗಾಡಿ ಯಾರು ತಗೋತಾರ ಮೇಡಂ?"

ಖಲೀಲ್ ಕಣ್ಣೊರೆಸಿಕೊಂಡ. "ಇನ್ನೊಂದು ಸಲ ಅಳೆಯಾಣೇನ್ರಿ ಅಣ್ಣಾರೇ?"

ಹಾಲೇಶಪ್ಪ ತಮ್ಮ ಟ್ಯಾಕ್ಸಿಯ ಕೀಲಿ ತೆಗೆದು ಅವನ ಅಂಗೈಗಿಟ್ಟರು.

"ಅಳೆಯಾಣ. ಮೊದ್ಲು ಇದಕ್ಕೆ ಬ್ಯಾಟರಿ ಕೂಡ್ಸು, ಇದ್ರಾಗೇ ಅಳೆಯಾಣ."