ಬುಗುರಿ ಎಣಿಸುವ ಮೆಶೀನು

"ಸುಳ್ಳು! ಈ ಮೆಶೀನು ಶುದ್ಧ ಸುಳ್ಳುಬುರುಕ ಕಣ್ರೋ!"

ತೇಜಶ್ರೀ ಚಾಟಿಯನ್ನು ನೆಲಕ್ಕೆ ಬಡಿದಳು. ಸಿಟ್ಟು ಬರದೆ ಇನ್ನೇನು? ಅವಳ ಬುಗುರಿ ಗಿರ್ರನೆ ಸುತ್ತಿದ್ದನ್ನು ಮಲ್ಲಿಪಟ್ಟಣದ ಸ್ಕೂಲಿಗೆ ಸ್ಕೂಲೇ ನೋಡಿತ್ತು. ಪರದೆ ಮೇಲೆ ಬಂದದ್ದು ಬರೀ ಐವತ್ತೇಳು. ತೂರಾಡಿಕೊಂಡು ಸುತ್ತಿದ ರಜನೀಶನ ಬುಗುರಿಗೆ ತೊಂಬತ್ತೆರಡು! ಇದ್ಯಾವ ನ್ಯಾಯ?

ಮೆಶೀನು ಮಾಡಿದ್ದು ವಿಜ್ಞಾನದ ಕೀರ್ತಿರಾಜ್ ಮೇಷ್ಟ್ರು. ಬುಗುರಿಗೆ ಪುಟ್ಟ ಆಯಸ್ಕಾಂತ ಅಂಟಿಸಿ ಬಿಡಬೇಕು. ಸುತ್ತುತ್ತಿರುವಾಗಲೇ ಅಂಗೈಗೆತ್ತಿ ಸೆನ್ಸರ್ ಪಕ್ಕ ಹಿಡಿಯಬೇಕು. ಆಯಸ್ಕಾಂತ ಎದುರಿಗೆ ಬಂದಾಗಲೆಲ್ಲ ಅದು ಒಂದು ಸುತ್ತು ಎಣಿಸುತ್ತದೆ. ಹತ್ತು ಸೆಕೆಂಡಲ್ಲಿ ಯಾರದ್ದು ಹೆಚ್ಚೋ ಅವರು ಹಾಸನದ ವಿಜ್ಞಾನ ಮೇಳಕ್ಕೆ.

"ಮೆಶೀನಿಗೆ ನಿನ್ಮೇಲೇನು ಹಗೆ?" ರಜನೀಶ್ ಹಲ್ಲು ಕಿರಿದ. "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ."

ತೇಜಶ್ರೀಗೆ ಮೈಯೆಲ್ಲ ಉರಿದುಹೋಯಿತು. "ಸಾ, ಇನ್ನೊಂದ್ಸಲ ಬಿಡ್ತೀನಿ. ಈ ಸಲ ಬೇಕೂ ಅಂತ್ಲೇ ಮೆಲ್ಲಗೆ."

ಬಿಟ್ಟಳು. ಬುಗುರಿ ಸೋಮಾರಿಯಂತೆ ಸುತ್ತಿತು. ಪರದೆ ತೊಂಬತ್ತೈದು ಅಂದಿತು!

"ನೋಡಿ ಸಾ! ಜೋರಾಗಿ ಸುತ್ತಿದ್ರೆ ಕಮ್ಮಿ, ಮೆಲ್ಲಗೆ ಸುತ್ತಿದ್ರೆ ಜಾಸ್ತಿ. ಇದೆಂಥಾ ಲೆಕ್ಕ?"

ಮೇಷ್ಟ್ರು ಲ್ಯಾಪ್‌ಟಾಪ್ ತೆಗೆದು ತಲೆ ಕೆರೆದುಕೊಂಡರು. "ತಪ್ಪು ನಂದೇ ಕಣಮ್ಮ. ಆಯಸ್ಕಾಂತ ಚಿಕ್ಕದು. ಸೆನ್ಸರ್ ಪ್ರತಿಸಲಾನೂ ಚೆನ್ನಾಗಿ ನೋಡ್ಲಿ ಅಂತ ಟೈಮ್ ಕೊಟ್ಟಿದ್ದೆ. ಅದು ಒಂದ್ಸಲ ನೋಡೋಷ್ಟ್ರಲ್ಲಿ ನಿನ್ ಬುಗುರಿ ಮೂರು ಸುತ್ತು ಹೊಡೆದಿರುತ್ತೆ."

"ಅಂಗಾದ್ರೆ ಬೇಗ ನೋಡೋಕೇಳಿ ಸಾ!"

ಮೇಷ್ಟ್ರು ಸೆನ್ಸರ್ ನೋಡುವ ಸ್ಪೀಡ್ ಪೂರ್ತಿ ಏರಿಸಿದರು. ಅಯ್ಯೋ ರಾಮ! ಬುಗುರಿಯೇ ಇಲ್ಲ, ಪರದೆ ಮಾತ್ರ ಎಂಟು, ಒಂಬತ್ತು, ಹತ್ತು ಅಂತ ಎಣಿಸುತ್ತಲೇ ಹೋಯಿತು. ಅವಸರದಲ್ಲಿ ನೋಡಿದರೆ ಅದಕ್ಕೆ ಎಲ್ಲವೂ ಮಂಜುಮಂಜು, ಇಲ್ಲದ ಆಯಸ್ಕಾಂತವೂ ಇದ್ದಂತೆ. ಮಕ್ಕಳೆಲ್ಲ ಹೋ ಎಂದು ನಕ್ಕರು.

ಮೇಷ್ಟ್ರು ಸ್ಪೀಡ್ ಸ್ವಲ್ಪ ಇಳಿಸಿದರು, ಮತ್ತೆ ಚೂರು ಏರಿಸಿದರು, ಸೆನ್ಸರನ್ನು ಇನ್ನಷ್ಟು ಹತ್ತಿರಕ್ಕೆ ತಂದರು. ಊಟದ ಬೆಲ್ ಹೊಡೆಯುವಷ್ಟರಲ್ಲಿ ಮೆಶೀನು ಹದಕ್ಕೆ ಬಂತು. ಬುಗುರಿ ಇಲ್ಲದಿದ್ದರೆ ಸೊನ್ನೆ. ರಜನೀಶನಿಗೆ ತೊಂಬತ್ತಾರು. ತೇಜಶ್ರೀಗೆ ನೂರಾ ಎಂಬತ್ತೆಂಟು!

"ಹಾಸನಕ್ಕೆ ತೇಜಶ್ರೀ!" ಎಂದರು ಮೇಷ್ಟ್ರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಎಲ್ಲರೂ ಅಲ್ಲ. ಐದನೇ ಕ್ಲಾಸಿನ ನಿಸರ್ಗ ಜಗಲಿ ಮೇಲೆ ಕೂತು, ಚಾಟಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು. ಬೆಳಿಗ್ಗೆ ಮೊದಲು ಔಟಾದವಳೇ ಅವಳು. ಅವಳ ಬುಗುರಿ ಝುಂಯ್ ಅಂದಿತ್ತು, ಮೆಶೀನು ಮೂವತ್ತು ಅಂದಿತ್ತು. "ನಂದು ಜಾಸ್ತಿ ಸುತ್ತಿತು ಅಕ್ಕಾ" ಅಂತ ಅಳುತ್ತಾ ಬಂದವಳಿಗೆ "ಹೋಗೇ, ಮೆಶೀನು ಸುಳ್ಳು ಹೇಳುತ್ತಾ?" ಅಂದದ್ದು ಯಾರು? ತೇಜಶ್ರೀಯೇ.

ತೇಜಶ್ರೀಯ ಕಿವಿ ಬಿಸಿಯಾಯಿತು.

"ಸಾ, ನನ್ನೆಸ್ರು ಈಗ್ಲೇ ಬರೀಬ್ಯಾಡಿ."

ಓಡಿಹೋಗಿ ನಿಸರ್ಗಳ ಕೈ ಹಿಡಿದು ಎಬ್ಬಿಸಿದಳು.

"ಬಾರೇ, ಬುಗುರಿ ಬಿಡು. ಜೋರಾಗೇ ಬಿಡು."